ಗುಂಡಿ ಕಣ್ಣಿನ ಅಮ್ಮ

ದೆವ್ವದ ಸಿನಿಮಾ ನೋಡಿದ ಭಯ ಬೆಳಗಾಗುವುದರೊಳಗೆ ಹೋಗಿಬಿಡುತ್ತದೆ. ಆದರೆ ಕೆಲವು ಸಿನಿಮಾಗಳು ನಾಲ್ಕು ದಿನವಾದರೂ ಮನಸ್ಸು ಬಿಟ್ಟು ಹೋಗುವುದಿಲ್ಲ. ನಮ್ಮವರ ಮುಖವನ್ನೇ ಇನ್ನೊಮ್ಮೆ ತಿರುಗಿ ನೋಡುವಂತೆ ಮಾಡುತ್ತವೆ. ರಜೆಯಲ್ಲಿ ಮೊಮ್ಮಗಳ ಜೊತೆ ಕೂತು ನಾನು ನೋಡಿದ ‘ಕೋರಲೈನ್’ ಅಂಥದೊಂದು ಚಿತ್ರ. 2002ರಲ್ಲಿ ಪ್ರಕಟವಾದ ನೀಲ್ ಗೈಮನ್ ಅವರ ಮಕ್ಕಳ ಕಾದಂಬರಿಯನ್ನು ಆಧರಿಸಿ ಹೆನ್ರಿ ಸೆಲಿಕ್ 2009ರಲ್ಲಿ ತೆರೆಗೆ ತಂದ ಅಮೆರಿಕದ ಚಿತ್ರ ಇದು.

ಇದರಲ್ಲಿ ನಟಿಸಿರುವುದು ಮನುಷ್ಯರಲ್ಲ, ಗೊಂಬೆಗಳು. ಗೊಂಬೆಯನ್ನು ಕೂದಲೆಳೆಯಷ್ಟು ಸರಿಸುವುದು, ಒಂದು ಚಿತ್ರ ತೆಗೆಯುವುದು, ಮತ್ತೆ ಸರಿಸುವುದು. ಹೀಗೆ ತೆಗೆದ 24 ಚಿತ್ರಗಳು ಓಡಿದರೆ ತೆರೆಯ ಮೇಲೆ ಒಂದು ಸೆಕೆಂಡ್! ಗೊಂಬೆಯ ಪುಟ್ಟ ಸ್ವೆಟರನ್ನು ಕೂಡ ಸಣ್ಣ ಸೂಜಿಗಳಿಂದ ಕೈಯಲ್ಲೇ ಹೆಣೆದಿದ್ದಾರೆ.

ಕೋರಲೈನ್ ಎಂಬ ಹುಡುಗಿ ಅಪ್ಪ ಅಮ್ಮನ ಜೊತೆ ಹೊಸ ಊರಿಗೆ, ಹಳೆಯ ಮನೆಯೊಂದಕ್ಕೆ ಬರುತ್ತಾಳೆ. ಇಬ್ಬರಿಗೂ ಕಂಪ್ಯೂಟರಿನ ಮುಂದೆ ಮುಗಿಯದ ಕೆಲಸ. ಅಪ್ಪನ ಅಡುಗೆ ಬಾಯಿಗಿಡುವಂತಿಲ್ಲ. ಬಣ್ಣದ ಕೈಗವಸು ಕೇಳಿದರೆ ಅಮ್ಮ ‘ಬೇಡ’ ಅನ್ನುತ್ತಾಳೆ. ಒಂದು ರಾತ್ರಿ ಗೋಡೆಯ ಪುಟ್ಟ ಬಾಗಿಲಿನಾಚೆ ಅವಳಿಗೆ ಇದೇ ಮನೆ, ಇದೇ ಅಮ್ಮ ಸಿಗುತ್ತಾರೆ. ಅಲ್ಲಿ ಬಿಸಿಬಿಸಿ ಊಟ, ಹೂದೋಟ, ಆಟ. ‘ಬೇಡ’ ಎಂಬ ಮಾತೇ ಇಲ್ಲ. ಆದರೆ ಆ ಅಮ್ಮನ ಕಣ್ಣಿನ ಜಾಗದಲ್ಲಿ ಅಂಗಿಯ ಕಪ್ಪು ಗುಂಡಿಗಳು! ಇಲ್ಲೇ ಉಳಿಯಬೇಕಾದರೆ ನಿನ್ನ ಕಣ್ಣಿಗೂ ಗುಂಡಿ ಹೊಲಿಯಬೇಕು ಎಂದು ಆಕೆ ನಗುನಗುತ್ತಲೇ ಹೇಳುತ್ತಾಳೆ.

“ಗುಂಡಿ ಕಾಣಿಸ್ತಾ ಇದೆಯಲ್ಲ ತಾತ, ಮೊದಲ ದಿನವೇ ಯಾಕೆ ಓಡಿಹೋಗಲಿಲ್ಲ?” ಎಂದು ಮೊಮ್ಮಗಳು ಕೇಳಿದಳು. ಒಳ್ಳೆಯ ಪ್ರಶ್ನೆ. ಜಿಂಕೆಗೆ ಚಿನ್ನದ ಮೈ ಇರುವುದಿಲ್ಲ ಎಂದು ಸೀತೆಗೆ ಗೊತ್ತಿರಲಿಲ್ಲವೇ? ಬೇಕಾದದ್ದು ಎದುರಿಗೆ ಬಂದಾಗ ಕಣ್ಣಿಗೆ ಕಂಡದ್ದೂ ಮನಸ್ಸಿಗೆ ತಟ್ಟುವುದಿಲ್ಲ.

ಪಕ್ಕದ ಮನೆಯ ಹುಡುಗ ಬಹಳ ಮಾತಾಡುತ್ತಾನೆಂದು ಕೋರಲೈನ್‌ಗೆ ಬೇಸರವಿತ್ತು. ಆಚೆಯ ಲೋಕದಲ್ಲಿ ಅದೇ ಹುಡುಗ ಮೂಕ. ‘ನಿನಗೆ ಇಷ್ಟವಾಗಲಿ ಎಂದು ಹಾಗೆ ಮಾಡಿದೆ’ ಎನ್ನುತ್ತಾಳೆ ಗುಂಡಿ ಕಣ್ಣಿನವಳು. ನನ್ನನ್ನು ಹೆಚ್ಚು ಕಲಕಿದ್ದು ಇದೇ. ನಮ್ಮವರೆಲ್ಲ ನಾವು ಹೇಳಿದಂತೆಯೇ ಇದ್ದರೆ ಅವರು ಮನುಷ್ಯರೋ, ಗೊಂಬೆಗಳೋ?

ಬ್ಯಾಂಕಿನಲ್ಲಿ ನಾವು ನೋಟಿನ ಮೇಲೆ ಅನುಮಾನ ಬಂದರೆ ಬೆಳಕಿಗೆ ಹಿಡಿದು ನೋಡುತ್ತಿದ್ದೆವು. ಪ್ರೀತಿಯನ್ನು ಬೆಳಕಿಗೆ ಹಿಡಿಯುವ ಬಗೆಯೂ ಈ ಚಿತ್ರದಲ್ಲಿದೆ. ಒಮ್ಮೆ ‘ಬೇಡ’ ಎಂದು ನೋಡಿ. ಕೋರಲೈನ್ ಮನೆಗೆ ಹೋಗುತ್ತೇನೆ ಎಂದೊಡನೆ ನಗುತ್ತಿದ್ದ ಅಮ್ಮನ ಮುಖ ಉದ್ದವಾಗುತ್ತದೆ, ಆಕೆ ಸಿಟ್ಟಿನಿಂದ ಅವಳನ್ನು ಕೂಡಿಹಾಕುತ್ತಾಳೆ. ಕೈಗವಸು ಕೊಡಿಸದಿದ್ದ ನಿಜವಾದ ಅಮ್ಮ, ಮಗಳು ಮುನಿಸಿಕೊಂಡರೂ ಅಮ್ಮನಾಗಿಯೇ ಇದ್ದಳು. ಕೊನೆಗೆ ಅದೇ ಕೈಗವಸನ್ನು ಉಡುಗೊರೆಯಾಗಿ ತಂದಿಡುವವಳೂ ಅವಳೇ.

ಮಕ್ಕಳೇ, ಕೇಳಿದ್ದೆಲ್ಲ ಕೊಟ್ಟು, ನೀವು ‘ಬೇಡ’ ಎಂದಾಗ ಮುಖ ಬದಲಿಸುವವರು ಹೊರಗೂ ಸಿಗಬಹುದು, ಮೊಬೈಲಿನೊಳಗೂ ಸಿಗಬಹುದು. ಅಂಥವರ ವಿಷಯವನ್ನು ಮನೆಯಲ್ಲಿ ಅವತ್ತೇ ಹೇಳಿಬಿಡಿ.

ನನ್ನ ವಯಸ್ಸಿನವರಿಗೂ ಒಂದು ಮಾತು. ಅಪ್ಪ ಅಮ್ಮ ಬೇಡವೆಂದ ಚಾಕೊಲೇಟನ್ನು ಗುಟ್ಟಾಗಿ ಕೊಟ್ಟು ಒಳ್ಳೆಯವರಾಗುವುದು ಅಜ್ಜ ಅಜ್ಜಿಯರಿಗೆ ಬಹಳ ಸುಲಭ. ಆದರೆ ದಣಿದು ಬಂದು ‘ಹೋಂವರ್ಕ್ ಆಯಿತಾ?’ ಎನ್ನುವ ತಾಯಿ ಆಗ ಮಗುವಿನ ಕಣ್ಣಿಗೆ ಕೆಟ್ಟವಳಾಗಿ ಕಾಣುತ್ತಾಳೆ. ಆಕೆಯ ‘ಬೇಡ’ಕ್ಕೆ ನಮ್ಮ ದನಿಯೂ ಸೇರಲಿ.

ತೀರಾ ಚಿಕ್ಕ ಮಕ್ಕಳಿಗೆ ಈ ಚಿತ್ರ ಹೆದರಿಕೆ ಹುಟ್ಟಿಸೀತು. ಸ್ವಲ್ಪ ದೊಡ್ಡ ಮಕ್ಕಳಿಗಾದರೆ ಹಗಲು ಹೊತ್ತಿನಲ್ಲಿ, ಪಕ್ಕದಲ್ಲಿ ಕೂತು ತೋರಿಸಿ. ಮುಗಿದ ಮೇಲೆ ಟಿ.ವಿ. ಆರಿಸಿ, ಅವರ ಪ್ರಶ್ನೆಗಳಿಗೆ ಸ್ವಲ್ಪ ಹೊತ್ತು ಇಟ್ಟುಕೊಳ್ಳಿ.