ಫ್ಲ್ಯಾಟ್ ಬ್ರೋಷರ್‌ನ ಮೂರು ಚಿತ್ರ: ಯಾವುದನ್ನು ಎಷ್ಟು ನಂಬಬಹುದು?

ಫ್ಲ್ಯಾಟ್ ಹುಡುಕುತ್ತಿರುವವರ ವಾಟ್ಸಾಪ್ ತೆರೆದು ನೋಡಿ. ಬಿಲ್ಡರ್ ಕಡೆಯವರು ಕಳಿಸಿದ ಪಿಡಿಎಫ್‌ಗಳು ಸಾಲಾಗಿ ಕೂತಿರುತ್ತವೆ. ಒಳಗೆ ಸಾಮಾನ್ಯವಾಗಿ ಮೂರು ಚಿತ್ರ. ಮೊದಲನೆಯದು ಲೊಕೇಶನ್ ಮ್ಯಾಪ್: ಮೆಟ್ರೋ, ಶಾಲೆ, ಆಸ್ಪತ್ರೆ, ಟೆಕ್ ಪಾರ್ಕ್ ಎಲ್ಲ ಪಕ್ಕಪಕ್ಕದಲ್ಲೇ. ಎರಡನೆಯದು ಬರೀ ಗೆರೆಗಳ ಫ್ಲೋರ್ ಪ್ಲಾನ್. ಮೂರನೆಯದು, ಚಾವಣಿ ಎತ್ತಿ ಮೇಲಿನಿಂದ ಓರೆಯಾಗಿ ನೋಡಿದಂತಿರುವ ಬಣ್ಣದ ‘ತ್ರೀಡಿ ವ್ಯೂ’: ಸೋಫಾ, ಕುಂಡದಲ್ಲೊಂದು ಗಿಡ, ಕಿಟಕಿಯಿಂದ ಬಿಸಿಲು.

ಇಪ್ಪತ್ತು ವರ್ಷದ ಇಎಂಐ ಕಟ್ಟುವ ನಿರ್ಧಾರವನ್ನು ನಮ್ಮಲ್ಲಿ ಎಷ್ಟೋ ಜನ ಈ ಮೂರನೆಯ ಚಿತ್ರ ನೋಡುತ್ತಲೇ ಅರ್ಧ ಮಾಡಿಬಿಟ್ಟಿರುತ್ತೇವೆ. ಚಿತ್ರ ಸುಳ್ಳೇ ಆಗಿರಬೇಕಿಲ್ಲ. ಆದರೆ ಯಾವ ಚಿತ್ರವೂ ಎಲ್ಲವನ್ನೂ ಹೇಳುವುದಿಲ್ಲ. ಒಂದು ಸಂಗತಿಯನ್ನು ಉಳಿಸಿಕೊಂಡು ಇನ್ನೊಂದನ್ನು ಬಿಟ್ಟುಬಿಡುತ್ತದೆ. ಏನು ಉಳಿದಿದೆ, ಏನು ಬಿಟ್ಟುಹೋಗಿದೆ ಅಂತ ಗುರುತಿಸಲು ಟೊಪಾಲಜಿ, ಜ್ಯಾಮಿತಿ ಮತ್ತು ಐಸೋಮೆಟ್ರಿಕ್ ಡ್ರಾಯಿಂಗ್‌ನ ಮೊದಲ ಪಾಠ ಸಾಕು. ಎಂಜಿನಿಯರಿಂಗ್ ಓದಿರಲೇಬೇಕು ಅಂತೇನಿಲ್ಲ.

ಲೊಕೇಶನ್ ಮ್ಯಾಪ್: ಸಂಪರ್ಕ ಉಂಟು, ದೂರ ಇಲ್ಲ

ಮೆಟ್ರೋ ರೈಲಿನ ಬಾಗಿಲ ಮೇಲಿರುವ ನಕ್ಷೆ ನೆನಪಿಸಿಕೊಳ್ಳಿ. ನಿಲ್ದಾಣಗಳ ನಡುವೆ ಒಂದೇ ಸಮ ಅಂತರ. ನಿಜವಾದ ದೂರ ಹಾಗಿಲ್ಲ ಅಂತ ಎಲ್ಲರಿಗೂ ಗೊತ್ತು, ಆದರೂ ಯಾರೂ ದೂರುವುದಿಲ್ಲ. ಯಾಕೆಂದರೆ ನಮಗೆ ಬೇಕಿರುವುದು ‘ಮುಂದಿನ ಸ್ಟೇಷನ್ ಯಾವುದು, ಎಲ್ಲಿ ಲೈನ್ ಬದಲಿಸಬೇಕು’ ಅಷ್ಟೇ. 1933ರಲ್ಲಿ ಲಂಡನ್ ಅಂಡರ್‌ಗ್ರೌಂಡ್‌ಗೆ ಹ್ಯಾರಿ ಬೆಕ್ ಎಂಬ ಡ್ರಾಫ್ಟ್ಸ್‌ಮನ್ ಮಾಡಿದ ನಕ್ಷೆ ಈ ಬಗೆಯ ಚಿತ್ರವನ್ನು ಜನಪ್ರಿಯಗೊಳಿಸಿತು. ನಗರದ ಅಂಕುಡೊಂಕನ್ನೆಲ್ಲ ಅಡ್ಡ, ಉದ್ದ, 45 ಡಿಗ್ರಿ ಓರೆ ಗೆರೆಗಳಾಗಿ ನೇರ ಮಾಡಿಬಿಟ್ಟರು.

ಇದೇ ಟೊಪಾಲಜಿಯ ಮನಸ್ಸು. ಎಳೆಯಿರಿ, ಬಗ್ಗಿಸಿ, ಹಿಗ್ಗಿಸಿ; ಆದರೆ ಹರಿಯಬೇಡಿ, ಹೊಸದಾಗಿ ಅಂಟಿಸಬೇಡಿ. ಇಷ್ಟಾದ ಮೇಲೂ ಬದಲಾಗದೆ ಉಳಿಯುವುದೇನೋ ಅದನ್ನು ಮಾತ್ರ ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ. ಈ ದೃಷ್ಟಿಯಲ್ಲಿ ಉದ್ದಿನ ವಡೆಯೂ ಹಿಡಿ ಇರುವ ಕಾಫಿ ಮಗ್ಗೂ ಒಂದೇ ಜಾತಿ, ಎರಡಕ್ಕೂ ಆರ್‌ಪಾರ್ ತೂತು ಒಂದೇ. ಹಿಡಿ ಇಲ್ಲದ ಸ್ಟೀಲ್ ಲೋಟ ಇಡ್ಲಿಯ ಜಾತಿ.

ಈ ಯೋಚನೆಯ ಬೇರು 1736ರಲ್ಲಿದೆ. ಕೋನಿಗ್ಸ್‌ಬರ್ಗ್ ಎಂಬ ಊರಲ್ಲಿ (ಇಂದಿನ ರಷ್ಯಾದ ಕಲಿನಿನ್‌ಗ್ರಾಡ್) ನದಿಯಿಂದ ಬೇರೆಯಾದ ನಾಲ್ಕು ನೆಲಭಾಗ, ಏಳು ಸೇತುವೆ. ಪ್ರತಿ ಸೇತುವೆಯನ್ನೂ ಒಂದೇ ಸಲ ದಾಟಿ ಎಲ್ಲವನ್ನೂ ಮುಗಿಸಬಹುದಾ ಎಂಬುದು ಪ್ರಶ್ನೆ. ಆಗುವುದಿಲ್ಲ ಎಂದು ಗಣಿತಜ್ಞ ಆಯ್ಲರ್ ತೋರಿಸಿದರು. ಸೇತುವೆಯ ಉದ್ದ, ನದಿಯ ಅಗಲ ಯಾವುದೂ ಅವರಿಗೆ ಬೇಕಾಗಲಿಲ್ಲ. ಒಂದು ಜಾಗಕ್ಕೆ ಬೆಸ ಸಂಖ್ಯೆಯ ಸೇತುವೆ ಇದ್ದರೆ ನಡಿಗೆ ಅಲ್ಲೇ ಶುರುವಾಗಬೇಕು, ಇಲ್ಲವೇ ಅಲ್ಲೇ ಮುಗಿಯಬೇಕು. ಅಂಥ ಜಾಗ ಎರಡಕ್ಕಿಂತ ಹೆಚ್ಚಿರುವಂತಿಲ್ಲ. ಆ ಊರಲ್ಲಿ ನಾಲ್ಕೂ ಬೆಸ: 5, 3, 3, 3.

ಬ್ರೋಷರ್‌ನ ಲೊಕೇಶನ್ ಮ್ಯಾಪ್ ಕೂಡ ಇದೇ ವಂಶದ್ದು. ಮೂಲೆಯಲ್ಲಿ ಚಿಕ್ಕ ಅಕ್ಷರದಲ್ಲಿ ‘ನಾಟ್ ಟು ಸ್ಕೇಲ್’ ಅಂತ ಇದೆಯೇ ನೋಡಿ. ಯಾವ ರಸ್ತೆ ಯಾವುದಕ್ಕೆ ಸೇರುತ್ತದೆ ಎಂಬುದಕ್ಕೆ ಅದನ್ನು ನಂಬಬಹುದು, ದೂರಕ್ಕೆ ನಂಬಬಾರದು. ದೂರ ಬೇಕಿದ್ದರೆ ಫೋನ್ ಮ್ಯಾಪ್‌ನಲ್ಲಿ ಸೋಮವಾರ ಬೆಳಿಗ್ಗೆ 9 ಗಂಟೆಗೆ ಹೊರಡುವಂತೆ ಹಾಕಿ ನೋಡಿ.

ಫ್ಲೋರ್ ಪ್ಲಾನ್: ಮೊದಲು ಬಾಗಿಲು ಎಣಿಸಿ

ಈಗ ಫ್ಲೋರ್ ಪ್ಲಾನ್ ಮೇಲೂ ಆಯ್ಲರ್ ಕಣ್ಣು ಹಾಯಿಸೋಣ. ಪ್ರತಿ ಕೋಣೆಗೂ ಒಂದು ಚುಕ್ಕಿ ಇಡಿ. ಎರಡು ಕೋಣೆಗಳ ನಡುವೆ ಬಾಗಿಲೋ ತೆರೆದ ದಾರಿಯೋ ಇದ್ದರೆ ಒಂದು ಗೆರೆ ಎಳೆಯಿರಿ. ಎರಡು ನಿಮಿಷದ ಕೆಲಸ.

ಗೆರೆಗಳ ಸಂಖ್ಯೆ ಚುಕ್ಕಿಗಳಿಗಿಂತ ಒಂದು ಕಡಿಮೆ ಬಂದರೆ, ಯಾವುದೇ ಎರಡು ಕೋಣೆಯ ನಡುವೆ ಒಂದೇ ದಾರಿ ಅಂತ ಅರ್ಥ. ಬಹಳಷ್ಟು ಫ್ಲ್ಯಾಟ್‌ಗಳು ಹೀಗೇ. ಹಾಲ್‌ನಲ್ಲಿ ಯಾರೋ ಮೀಟಿಂಗ್‌ನಲ್ಲಿದ್ದರೆ ಅಡುಗೆಮನೆಗೆ ಹೋಗಲೂ ಕ್ಯಾಮೆರಾ ಮುಂದೆಯೇ ಹಾಯಬೇಕು. ಬಟ್ಟೆ ಒಣಗಿಸುವ ಬಾಲ್ಕನಿಗೆ ಮಲಗುವ ಕೋಣೆಯೊಂದೇ ದಾರಿಯಾದರೆ, ಮಗು ಮಲಗಿದ ಹೊತ್ತಲ್ಲಿ ಬಾಲ್ಕನಿ ಇದ್ದೂ ಇಲ್ಲ.

ನಮ್ಮ ತೊಟ್ಟಿ ಮನೆ ನೆನಪಿಸಿಕೊಳ್ಳಿ. ನಡುವೆ ತೆರೆದ ಅಂಗಳ, ಸುತ್ತ ಪಡಸಾಲೆ. ಈ ಕಡೆಯಿಂದಲೂ ಹೋಗಬಹುದು, ಆ ಕಡೆಯಿಂದಲೂ ಬರಬಹುದು. ತೊಟ್ಟಿ ಮನೆ ವಡೆ, ನಮ್ಮ ಟೂ ಬಿಎಚ್‌ಕೆ ಇಡ್ಲಿ! ಇದರಲ್ಲಿ ಮೇಲು ಕೀಳು ಇಲ್ಲ. ಆದರೆ ರಾತ್ರಿ ಎದ್ದ ವಯಸ್ಸಾದ ಅಮ್ಮ ಬಾತ್‌ರೂಮ್ ತಲುಪಲು ಎಷ್ಟು ಗೆರೆ ದಾಟಬೇಕು ಎಂಬುದನ್ನು ಟೋಕನ್ ಅಡ್ವಾನ್ಸ್ ಕೊಡುವ ಮೊದಲೇ ಎಣಿಸಬಹುದು.

ಆಮೇಲೆ ಅಡಿ, ಇಂಚು

ಸಂಪರ್ಕ ನೋಡಿಯಾಯಿತು. ಇನ್ನು ಟೊಪಾಲಜಿ ಬಿಟ್ಟುಬಿಟ್ಟ ಉದ್ದ, ಅಗಲ, ಕೋನಗಳ ಸರದಿ. ಅದು ಜ್ಯಾಮಿತಿಯ ಕೆಲಸ. 10×10 ಅಡಿಯ ಕೋಣೆಯೂ 8×12.5 ಅಡಿಯ ಕೋಣೆಯೂ ಕಾಗದದ ಮೇಲೆ ತಲಾ 100 ಚದರಡಿ. ಎರಡರಲ್ಲೂ 5×6.5 ಅಡಿಯ ಮಂಚ ಹಾಕಿ, ಕಾಲಿನ ಕಡೆ ಗೋಡೆಗೆ 2 ಅಡಿ ಆಳದ ವಾರ್ಡ್‌ರೋಬ್ ಇಡಿ. ಮೊದಲನೆಯದರಲ್ಲಿ ನಡುವೆ ಉಳಿಯುವುದು ಒಂದೂವರೆ ಅಡಿ. ವಾರ್ಡ್‌ರೋಬ್ ಬಾಗಿಲು ತೆಗೆದರೆ ನಿಲ್ಲಲು ಜಾಗವಿಲ್ಲ. ಎರಡನೆಯದರಲ್ಲಿ ನಾಲ್ಕು ಅಡಿ ಸಿಗುತ್ತದೆ, ಮಂಚದ ಪಕ್ಕಕ್ಕೂ ಮೂರು ಅಡಿ ಉಳಿಯುತ್ತದೆ. ಚದರಡಿ ಒಂದೇ, ಬದುಕು ಬೇರೆ.

ಚದರಡಿಯಲ್ಲೂ ಯಾವ ಚದರಡಿ ಎಂದು ಕೇಳಿ. 2016ರ ರೇರಾ ಕಾಯ್ದೆಯ ಪ್ರಕಾರ ಕಾರ್ಪೆಟ್ ಏರಿಯಾ ಎಂದರೆ ಫ್ಲ್ಯಾಟ್ ಒಳಗೆ ನಿಜಕ್ಕೂ ಬಳಸಬಹುದಾದ ನೆಲ. ಒಳಗಿನ ಅಡ್ಡಗೋಡೆಗಳು ಇದರಲ್ಲಿ ಸೇರುತ್ತವೆ. ಹೊರಗೋಡೆ, ಪೈಪು ಹಾಯುವ ಶಾಫ್ಟ್, ಬಾಲ್ಕನಿ, ತೆರೆದ ಟೆರೇಸ್ ಸೇರುವುದಿಲ್ಲ. ‘ಸೂಪರ್ ಬಿಲ್ಟ್ ಅಪ್’ ಅಂಕಿಯಲ್ಲಿ ಲಿಫ್ಟು, ಮೆಟ್ಟಿಲು, ಕಾರಿಡಾರ್‌ಗಳ ಪಾಲೂ ಬೆರೆತಿರುತ್ತದೆ.

ಕೊನೆಗೆ ಆ ಚೆಂದದ ತ್ರೀಡಿ

ಎಂಜಿನಿಯರಿಂಗ್ ಮೊದಲ ವರ್ಷದಲ್ಲಿ ಡ್ರಾಯಿಂಗ್ ಶೀಟ್ ಮೇಲೆ ಬಗ್ಗಿ 30 ಡಿಗ್ರಿ ಗೆರೆ ಎಳೆದವರಿಗೆ ಇದು ಹಳೆಯ ಪರಿಚಯ. ಐಸೋ ಎಂದರೆ ಸಮ, ಮೆಟ್ರಿಕ್ ಎಂದರೆ ಅಳತೆ. ಉದ್ದ, ಅಗಲ, ಎತ್ತರ ಮೂರನ್ನೂ ಒಂದೇ ಸ್ಕೇಲಿನಲ್ಲಿ ಬರೆಯುವ ಪದ್ಧತಿ. ಕೇಂಬ್ರಿಡ್ಜ್‌ನ ವಿಲಿಯಂ ಫ್ಯಾರಿಶ್ 1822ರಲ್ಲಿ ಇದನ್ನು ಕ್ರಮವಾಗಿ ವಿವರಿಸಿದರು. ಯಂತ್ರದ ಚಿತ್ರ ನೋಡಿದವರು ಅದರ ಮೇಲೆಯೇ ಅಳತೆ ತೆಗೆಯುವಂತಿರಬೇಕು ಎಂಬುದು ಇದರ ಉಪಯೋಗ.

ಆದರೆ ಆ ಮೂರು ದಿಕ್ಕು ಬಿಟ್ಟರೆ ಉಳಿದ ಕಡೆ ಅಳತೆ ಕೈಕೊಡುತ್ತದೆ. ಚೌಕದ ಕೋಣೆ ಇಲ್ಲಿ ವಜ್ರಾಕೃತಿಯಾಗುತ್ತದೆ. ನಿಜವಾದ ಚೌಕದಲ್ಲಿ ಎರಡೂ ಕರ್ಣ ಸಮ. ಈ ಚಿತ್ರದಲ್ಲಿ ಒಂದು ಇನ್ನೊಂದರ 1.73 ಪಟ್ಟು. ಆ ಉದ್ದ ಕರ್ಣದತ್ತ ಕಣ್ಣು ಹಾಯಿಸಿದಾಗ ಕೋಣೆ ವಿಶಾಲ ಅನ್ನಿಸಿದರೆ ಆಶ್ಚರ್ಯವಿಲ್ಲ. ಆಳವಂತೂ ಪೂರ್ತಿ ಮಾಯ: ಹತ್ತಿರದ್ದು, ದೂರದ್ದು ಒಂದೇ ಗಾತ್ರ. 1958ರಲ್ಲಿ ಪೆನ್‌ರೋಸ್ ತಂದೆ–ಮಗ ಪ್ರಕಟಿಸಿದ ‘ಅಸಾಧ್ಯ ತ್ರಿಕೋನ’ವೂ, 2014ರ ‘ಮಾನ್ಯುಮೆಂಟ್ ವ್ಯಾಲಿ’ ಗೇಮಿನ ಮಾಯಾ ಮೆಟ್ಟಿಲುಗಳೂ ಆಡುವುದು ಈ ಮರೆತ ಆಳದ ಜತೆಗೇ.

ಹಾಗಾದರೆ ಪರೀಕ್ಷಿಸುವುದು ಹೇಗೆ? ಎದುರುಬದುರಿನ ಗೋಡೆಗಳು ಸಮಾಂತರವಾಗಿಯೇ ಇವೆಯೇ ನೋಡಿ. ದೂರ ಹೋದಂತೆ ಹತ್ತಿರವಾಗುತ್ತಿದ್ದರೆ ಅದು ಪರ್ಸ್‌ಪೆಕ್ಟಿವ್ ಚಿತ್ರ, ಅದರ ಮೇಲೆ ಅಳೆಯುವ ಆಸೆ ಬಿಡಿ. ಸಮಾಂತರವಾಗಿದ್ದರೆ ಮೊಬೈಲ್ ಪರದೆಯ ಮೇಲೆ ಕಾಗದದ ಪಟ್ಟಿಯಿಟ್ಟು, ಮಂಚದ ಉದ್ದವನ್ನು ಅದೇ ದಿಕ್ಕಿನ ಗೋಡೆಯ ಜತೆ ಹೋಲಿಸಿ. ಗೋಡೆ 10 ಅಡಿ ಅಂತ ಬರೆದಿದ್ದು, ಮಂಚ ಅದರ ಅರ್ಧವಷ್ಟೇ ಇದ್ದರೆ ಅದು ಐದಡಿಯ ಮಂಚ. ಅದರಲ್ಲಿ ಮಲಗುವವರು ಯಾರು ಅಂತ ಸೇಲ್ಸ್‌ನವರನ್ನೇ ಕೇಳಿ.

ಇಷ್ಟಾದ ಮೇಲೆ ಮಂಜೂರಾದ ನಕ್ಷೆ ಕೇಳಿ ಪಡೆಯಿರಿ. ಅದು ಖರೀದಿದಾರರ ಹಕ್ಕು ಎಂದು ರೇರಾ ಹೇಳುತ್ತದೆ. ಜಾಹೀರಾತಿನಲ್ಲಿ ಕೊಟ್ಟ ತಪ್ಪು ಮಾಹಿತಿ ನಂಬಿ ನಷ್ಟವಾದರೆ ಪರಿಹಾರ ಕೇಳಲು ಅದೇ ಕಾಯ್ದೆಯ 12ನೇ ಸೆಕ್ಷನ್ ಇದೆ. ಆದ್ದರಿಂದ ಬ್ರೋಷರ್ ಪಿಡಿಎಫ್ ಡಿಲೀಟ್ ಮಾಡಬೇಡಿ. ತ್ರೀಡಿ ಪುಟವನ್ನು ಮಾತ್ರ ಎಲ್ಲಕ್ಕಿಂತ ಕೊನೆಗೆ ತೆರೆಯಿರಿ.