ಬಿಟ್ಟುಕೊಟ್ಟ ಮೆಮೊರಿಗೆ ಬೇಕೆಂದೇ ಸುರಿಯುವ ಕಸ

ಮಸ್ಕತ್‌ನ ಕನ್ನಡ ಕುಟುಂಬವೊಂದು ವಾರಾಂತ್ಯದ ರಾತ್ರಿ ನೆಟ್‌ಫ್ಲಿಕ್ಸ್‌ನಲ್ಲಿ ಸಿನಿಮಾ ಹಾಕಿದರೆ, ಆ ವಿಡಿಯೊ ಬರುವುದು ಫ್ರೀಬಿಎಸ್‌ಡಿ ಎಂಬ ಆಪರೇಟಿಂಗ್ ಸಿಸ್ಟಂ ಇರುವ ಸರ್ವರ್‌ಗಳಿಂದ. ನೆಟ್‌ಫ್ಲಿಕ್ಸ್ ಫ್ರೀಬಿಎಸ್‌ಡಿಯ ಅಂತಿಮ ಬಿಡುಗಡೆಗೆ ಕಾಯದೆ ಅದರ ಅಭಿವೃದ್ಧಿ ಆವೃತ್ತಿಯನ್ನೇ ಹಿಂಬಾಲಿಸುತ್ತದೆ. ಆ ಆವೃತ್ತಿಯನ್ನು ಹಾಗೆಯೇ ಹಾಕಿಕೊಂಡವರಿಗೆ ಕಂಪ್ಯೂಟರ್ ನಿಧಾನವಾಗಿ ಕಾಣುತ್ತದೆ. ಜೊತೆಗೆ ಬರುವ ಸೂಚನೆಗಳ ಕಡತ ಆರಂಭದಲ್ಲೇ ಕಾರಣ ಹೇಳುತ್ತದೆ: ತಪ್ಪು ಹಿಡಿಯುವ ಹಲವು ತಪಾಸಣೆಗಳನ್ನು ಬೇಕೆಂದೇ ಚಾಲೂ ಇಟ್ಟಿದ್ದಾರೆ.

ಅವುಗಳಲ್ಲಿ ಒಂದು ಮೆಮೊರಿ ಹಂಚಿಕೆಯ ತಪಾಸಣೆ. ಪ್ರೋಗ್ರಾಂ ಕೆಲಸಕ್ಕೆ ಬೇಕಾದ ಮೆಮೊರಿಯನ್ನು ‘ಮ್ಯಾಲಕ್’ ಎಂಬ ಫಂಕ್ಷನ್ ಮೂಲಕ ಕೇಳಿ ಪಡೆಯುತ್ತದೆ, ಮುಗಿದ ಮೇಲೆ ಹಿಂತಿರುಗಿಸುತ್ತದೆ. ಆದರೆ ಆ ಜಾಗದ ವಿಳಾಸ ಪ್ರೋಗ್ರಾಂ ಬಳಿ ಉಳಿದೇ ಇರುತ್ತದೆ. ಗೇಣಿಯ ಹೊಲ ಬಿಟ್ಟುಕೊಟ್ಟವನು ಮರುದಿನವೂ ಅಲ್ಲೇ ಬಿತ್ತಿದ ಹಾಗೆ, ಕೆಲವು ಪ್ರೋಗ್ರಾಂಗಳು ಅದೇ ಜಾಗವನ್ನು ಮತ್ತೆ ಓದುತ್ತವೆ, ಬರೆಯುತ್ತವೆ. ಹಳೆಯ ಮಾಹಿತಿ ಇನ್ನೂ ಅಳಿಯದೆ ಕೂತಿದ್ದರೆ ಎಲ್ಲವೂ ಸರಿಯಾಗಿಯೇ ನಡೆಯುತ್ತದೆ. ಅಪಾಯ ಇರುವುದೇ ಅಲ್ಲಿ. ಕ್ರೋಮಿಯಂ ಬ್ರೌಸರ್‌ನ ತಂಡ 2020ರಲ್ಲಿ ತಿಳಿಸಿದ ಪ್ರಕಾರ, ಅದರ ಗಂಭೀರ ಭದ್ರತಾ ದೋಷಗಳಲ್ಲಿ ಸುಮಾರು ಶೇ 70ರಷ್ಟು ಮೆಮೊರಿ ತಪ್ಪುಗಳು. ಅವುಗಳಲ್ಲಿ ಅರ್ಧದಷ್ಟು, ಬಿಟ್ಟುಕೊಟ್ಟ ಜಾಗವನ್ನು ಮತ್ತೆ ಬಳಸುವ ಈ ಜಾತಿಯವೇ.

ಫ್ರೀಬಿಎಸ್‌ಡಿಗೆ 1990ರ ದಶಕದಲ್ಲಿ ಪೌಲ್-ಹೆನ್ನಿಂಗ್ ಕಾಂಪ್ ಬರೆದ ಮೆಮೊರಿ ಹಂಚುವ ಕೋಡ್‌ನಲ್ಲೂ, ಆಮೇಲೆ ಜೇಸನ್ ಇವಾನ್ಸ್ ಬರೆದ ‘ಜೆಇಮ್ಯಾಲಕ್’ನಲ್ಲೂ ಇದಕ್ಕೊಂದು ಉಪಾಯವಿದೆ: ಬಿಟ್ಟುಕೊಟ್ಟ ಜಾಗಕ್ಕೆ ಕಸ, ಅಂದರೆ ಅರ್ಥವಿಲ್ಲದ ಬೆಲೆ, ತುಂಬುವುದು. ಜೆಇಮ್ಯಾಲಕ್ ಹೊಸದಾಗಿ ಕೊಡುವ ಪ್ರತಿ ಬೈಟ್‌ಗೂ ಹದಿನಾರರ ಲೆಕ್ಕದ ಎ5 (ನಮ್ಮ 165) ತುಂಬುತ್ತದೆ, ಹಿಂತಿರುಗಿ ಬಂದದ್ದಕ್ಕೆ 5ಎ (ನಮ್ಮ 90). ಇಂದಿನ 64 ಬಿಟ್ ಇಂಟೆಲ್, ಎಎಂಡಿ ಪ್ರೊಸೆಸರ್‌ಗಳಲ್ಲಿ ಬರೀ 5ಎಗಳಿಂದಾದ ವಿಳಾಸ ಸಿಂಧುವೇ ಅಲ್ಲ. ಪ್ರೋಗ್ರಾಂ ಅದನ್ನು ವಿಳಾಸವೆಂದು ನಂಬಿ ಹೋದರೆ ಆ ಕ್ಷಣವೇ ಕ್ರ್ಯಾಶ್ ಆಗುತ್ತದೆ, ತಪ್ಪು ನಡೆದ ಸಾಲಿನ ಹತ್ತಿರದಲ್ಲೇ. ಕ್ರ್ಯಾಶ್ ಆದಾಗ ಉಳಿಯುವ ಮೆಮೊರಿಯ ಪ್ರತಿಯಲ್ಲಿ (ಡಂಪ್) 5ಎಗಳ ಸಾಲು ಕಂಡ ಅನುಭವಿ ಎಂಜಿನಿಯರ್‌ಗೆ ಕಾರಣ ಹುಡುಕಲು ಹೆಚ್ಚು ಹೊತ್ತು ಬೇಕಾಗುವುದಿಲ್ಲ.

ಹೊಸ ಜಾಗಕ್ಕೂ ಕಸ ಏಕೆ ಎಂದು ಕೇಳಬಹುದು. ಆಪರೇಟಿಂಗ್ ಸಿಸ್ಟಂನ ತಿರುಳಾದ ಕರ್ನಲ್ ಮೊದಲ ಸಲ ಕೊಡುವ ಮೆಮೊರಿ ಪೂರ್ತಿ ಸೊನ್ನೆಯಾಗಿರುತ್ತದೆ. ಬೆಲೆ ತುಂಬುವುದನ್ನು ಮರೆತ ಪ್ರೋಗ್ರಾಂ ಆ ಸೊನ್ನೆಯ ಆಸರೆಯಲ್ಲಿ ಪರೀಕ್ಷೆ ಪಾಸಾಗುತ್ತದೆ. ದಿನಗಟ್ಟಲೆ ಓಡಿ, ಬಳಸಿದ ಜಾಗವೇ ಮತ್ತೆ ಕೈಗೆ ಬಂದಾಗ ಎಡವುತ್ತದೆ. ಎ5 ಆ ಸುಳ್ಳು ಆಸರೆಯನ್ನು ಮೊದಲ ದಿನವೇ ಕಿತ್ತುಹಾಕುತ್ತದೆ.

ಇದಕ್ಕೆಲ್ಲ ಸಮಯ ತಗಲುತ್ತದೆ, ನಿಜ. ವೇಗ ಅಳೆಯುವವರು ಒಂದು ಸಾಲಿನ ಆದೇಶದಲ್ಲಿ ಕಸ ತುಂಬುವುದನ್ನು ನಿಲ್ಲಿಸಬಹುದು. ಜನರ ಕೈಗೆ ಹೋಗುವ ಅಂತಿಮ ಆವೃತ್ತಿಯಲ್ಲಂತೂ ಅದು ಆರಿಯೇ ಇರುತ್ತದೆ. ಆದರೆ ಅಭಿವೃದ್ಧಿ ಹಂತದಲ್ಲಿ ಇದನ್ನು ಬಳಕೆದಾರರ ಇಚ್ಛೆಗೆ ಬಿಡದೆ ಮೊದಲಿಂದಲೇ ಚಾಲೂ ಇಟ್ಟದ್ದು ಸರಿಯಾದ ತೀರ್ಮಾನ ಎಂಬುದು ನನ್ನ ದೃಢ ಅಭಿಪ್ರಾಯ. ಕೇಳಿದವರಿಗಷ್ಟೇ ಸಿಗುವ ತಪಾಸಣೆಯನ್ನು ಹೆಚ್ಚಿನವರು ಕೇಳುವುದೇ ಇಲ್ಲ.

ಸಿ ಅಥವಾ ಸಿ++ ಕಲಿಯುತ್ತಿರುವ ವಿದ್ಯಾರ್ಥಿಗಳು ಫ್ರೀಬಿಎಸ್‌ಡಿ ಹಾಕಿಕೊಳ್ಳಲೇಬೇಕೆಂದಿಲ್ಲ. ಜಿಸಿಸಿ, ಕ್ಲ್ಯಾಂಗ್ ಎರಡೂ ಕಂಪೈಲರ್‌ಗಳಲ್ಲಿ ಬಿಟ್ಟುಕೊಟ್ಟ ಜಾಗವನ್ನು ಮತ್ತೆ ಮುಟ್ಟುವಂಥ ತಪ್ಪುಗಳನ್ನು ಹಿಡಿಯುವ ‘ಅಡ್ರೆಸ್ ಸ್ಯಾನಿಟೈಸರ್’ ಇದೆ. ಮೊದಲ ಪ್ರೋಗ್ರಾಂನಿಂದಲೇ ಅದನ್ನು ಚಾಲೂ ಮಾಡಿಕೊಂಡು ಬರೆಯಿರಿ.