ಭರಣಿ ಕಾಯುವ ಭಾನುವಾರ

ನವೆಂಬರ್ ಎರಡನೇ ವಾರ ಬಂತೆಂದರೆ ಮಂಗಳೂರಿನ ಹಲವು ಕ್ಯಾಥೊಲಿಕ್ ಮನೆಗಳಲ್ಲಿ ಅಟ್ಟದ ಮೇಲಿನ ಭರಣಿ ಕೆಳಗಿಳಿಯುತ್ತದೆ. ಅದು ಉಪ್ಪಿನಕಾಯಿಯ ಭರಣಿಯಲ್ಲ. ಒಮ್ಮೆ ಉಪ್ಪು, ಎಣ್ಣೆ ಕಂಡ ಪಾತ್ರೆಯನ್ನು ಈ ಕೆಲಸಕ್ಕೆ ಮುಟ್ಟುವುದೇ ಇಲ್ಲ. ಬಿಸಿನೀರಿನಲ್ಲಿ ತೊಳೆದು, ಬಿಸಿಲಿಗೆ ಬೋರಲು ಹಾಕಿ, ಒಳಗೆ ಒಂದು ಹನಿ ತೇವವೂ ಇಲ್ಲದಂತೆ ಒಣಗಿಸುತ್ತಾರೆ. ಭಾನುವಾರದ ಪೂಜೆ ಮುಗಿಸಿ ಬಂದವರು ಕಪ್ಪು ದ್ರಾಕ್ಷಿಯ ಗೊಂಚಲು ಬಿಡಿಸಲು ಕೂರುತ್ತಾರೆ. ಲೆಕ್ಕ ಸರಳ: ಹುದುಗಲು 21 ದಿನ, ತಿಳಿಯಾಗಲು ಮತ್ತೆ 21 ದಿನ. ಆರು ವಾರ ತುಂಬುವ ಹೊತ್ತಿಗೆ ಕ್ರಿಸ್‌ಮಸ್. ತಟ್ಟೆಯಲ್ಲಿ ಕುಸ್ವಾರ್ ಎಂಬ ಹಬ್ಬದ ತಿಂಡಿಗಳು, ಪಕ್ಕದಲ್ಲಿ ಪುಟ್ಟ ಗ್ಲಾಸಿನಲ್ಲಿ ಮನೆಯ ವೈನ್.

ಕರಾವಳಿಯಲ್ಲಿ ಹಬ್ಬದ ತಯಾರಿಯಾಗಿರುವ ಈ ಕೆಲಸ ಕೊಡಗಿನಲ್ಲಿ ತೋಟದ ಮನೆಗಳ ಹೆಮ್ಮೆ, ಬೆಂಗಳೂರಿನ ಆಂಗ್ಲೊ ಇಂಡಿಯನ್ ಮನೆಗಳಲ್ಲಿ ಅಜ್ಜಿಯಂದಿರು ಬಿಟ್ಟುಹೋದ ಪಾಕವಿದ್ಯೆ. ರಾಯಚೂರು ಜಿಲ್ಲೆಯ ಕಲ್ಲೂರು, ಮಾನ್ವಿ, ದೇವದುರ್ಗದ ಕಡೆ ನಮಗೆ ಸೇಂದಿ ಗೊತ್ತು. ನಿಜಾಮರ ಕಾಲದ ಸೇಂದಿಖಾನೆಗಳ ಮಾತು ಹಿರಿಯರ ಬಾಯಲ್ಲಿ ಇನ್ನೂ ಇದೆ. ಮುದಗಲ್ಲಿನಲ್ಲಿ ಹಳೆಯ ಕ್ಯಾಥೊಲಿಕ್ ಸಮುದಾಯವೇ ಇರುವುದರಿಂದ ಬಲಿಪೂಜೆಯ ದ್ರಾಕ್ಷಾರಸವೂ ಜಿಲ್ಲೆಗೆ ಹೊಸದಲ್ಲ. ಆದರೆ ವಾರದ ರಜೆಯಲ್ಲಿ ಹಣ್ಣು ಹಿಂಡಿ, ತಿಂಗಳುಗಟ್ಟಲೆ ಕಾದು ವೈನ್ ಮಾಡುವ ಹವ್ಯಾಸ ಇಲ್ಲಿನವರಿಗೆ ಹೆಚ್ಚು ಪರಿಚಯವಿಲ್ಲ. ಕುಡಿತಕ್ಕಿಂತ ಅಡುಗೆಮನೆಯ ಶಿಸ್ತೇ ಮುಖ್ಯವಾದ ಹವ್ಯಾಸ ಅದು.

ಭರಣಿಗೆ ಏನೇನು?

ಮನೆಯಿಂದ ಮನೆಗೆ ಅಳತೆ ಬದಲಾಗುತ್ತದೆ. ರೂಢಿಯಲ್ಲಿರುವ ಒಂದು ಲೆಕ್ಕ ಹೀಗಿದೆ: ಒಂದು ಕಿಲೊ ಕಪ್ಪು ದ್ರಾಕ್ಷಿ, ಮುಕ್ಕಾಲು ಕಿಲೊ ಸಕ್ಕರೆ, ಕುದಿಸಿ ಆರಿಸಿದ ಒಂದೂವರೆ ಲೀಟರ್ ನೀರು, ಒಂದು ಹಿಡಿ ಗೋಧಿ, ಸ್ವಲ್ಪ ಯೀಸ್ಟ್, ಚಕ್ಕೆ, ಲವಂಗ. ಗೋಧಿ ಹಾಕಿದರೆ ವೈನಿಗೆ ಮೈ ಬರುತ್ತದೆ ಎಂಬುದು ಮನೆಯ ಹೆಂಗಸರ ಅನುಭವದ ಮಾತು. ಹಣ್ಣನ್ನು ಕೈಯಿಂದಲೇ ಹಿಚುಕಬೇಕು. ಮಿಕ್ಸಿಗೆ ಹಾಕಿದರೆ ಬೀಜ ಒಡೆದು ಕಹಿಯಾಗುತ್ತದೆ. ಹಿತ್ತಾಳೆ, ತಾಮ್ರ, ಅಲ್ಯೂಮಿನಿಯಂ ಪಾತ್ರೆಗಳನ್ನು ಹಣ್ಣಿನ ಹುಳಿ ತಿನ್ನುತ್ತದೆ, ಹಾಗಾಗಿ ಪಿಂಗಾಣಿ ಇಲ್ಲವೆ ಗಾಜು, ತಿರುವಲು ಮರದ ಸೌಟು. ಭರಣಿಯನ್ನು ಮುಕ್ಕಾಲಿಗಿಂತ ಹೆಚ್ಚು ತುಂಬುವುದಿಲ್ಲ, ಬಾಯಿಗೆ ತೆಳು ಬಟ್ಟೆ ಕಟ್ಟುತ್ತಾರೆ.

ಎರಡನೇ ದಿನಕ್ಕೇ ಒಳಗೆ ಸದ್ದು ಶುರು. ಕಿವಿಗೊಟ್ಟರೆ ಸಣ್ಣಗೆ ಚಿಟಚಿಟ ಕೇಳುತ್ತದೆ. ಸಿಪ್ಪೆಯೆಲ್ಲ ಮೇಲೆ ತೇಲಿ ದಪ್ಪ ಮುಚ್ಚಳದಂತೆ ನಿಲ್ಲುತ್ತದೆ. ದಿನಕ್ಕೊಮ್ಮೆ ಸೌಟಿನಿಂದ ಆ ಪದರವನ್ನು ಒತ್ತಿ ರಸದಲ್ಲಿ ಮುಳುಗಿಸಬೇಕು. ಒತ್ತಿದ ಕೂಡಲೇ ನೇರಳೆ ಬಣ್ಣದ ನೊರೆ ಉಕ್ಕಿ, ಹುಳಿಯೂ ಸಿಹಿಯೂ ಬೆರೆತ ವಾಸನೆ ಮೂಗಿಗೆ ಅಡರುತ್ತದೆ. ಈ ಒತ್ತುವ ಕೆಲಸ ತಪ್ಪಿಸಿದರೆ ಮೇಲೆ ಒಣಗಿದ ಸಿಪ್ಪೆಗೆ ಬೂಷ್ಟು ಹಿಡಿದು ಇಡೀ ಭರಣಿ ಚರಂಡಿ ಪಾಲು. ವೈನಿನ ಕೆಂಪು ಬಣ್ಣವೂ ಆ ಸಿಪ್ಪೆಯದೇ. ಬಹುತೇಕ ಕಪ್ಪು ದ್ರಾಕ್ಷಿಗಳ ತಿರುಳಿಗೆ ಬಣ್ಣವಿಲ್ಲ.

21ನೇ ದಿನ ಬಟ್ಟೆಯಲ್ಲಿ ಸೋಸಿ, ಸಿಪ್ಪೆ ಹಿಂಡಿ, ರಸವನ್ನು ಮತ್ತೆ ಭರಣಿಗೆ ತುಂಬುತ್ತಾರೆ. ಈಗ ಕೈಯಾಡಿಸುವಂತಿಲ್ಲ. ಮಡ್ಡಿ ತಳಕ್ಕಿಳಿದ ಮೇಲೆ ತಿಳಿಯನ್ನು ಸಣ್ಣ ಪ್ಲಾಸ್ಟಿಕ್ ನಳಿಕೆಯಿಂದ ಇನ್ನೊಂದು ಪಾತ್ರೆಗೆ ಇಳಿಸುತ್ತಾರೆ. ಕೆಲವರು ಬಣ್ಣಕ್ಕೆ ಕರಗಿಸಿ ಕೆಂಪಾಗಿಸಿದ ಸಕ್ಕರೆ, ತಿಳಿಯಾಗಲು ಮೊಟ್ಟೆಯ ಬಿಳಿಭಾಗ ಬಳಸುವುದೂ ಉಂಟು. ಹಿಂಡಿದ ಸಿಪ್ಪೆ ಗೊಬ್ಬರದ ಗುಂಡಿಗೆ. ಬಾಟಲಿ ತೊಳೆಯುವುದು, ಬಿರಡೆ ಹೊಂದಿಸುವುದು, ವರ್ಷ ಬರೆದ ಚೀಟಿ ಅಂಟಿಸುವುದು, ಬೆಳಕು ಬೀಳದ ಮೂಲೆಯಲ್ಲಿ ಹಲಗೆ ಹೊಡೆದು ಬಾಟಲಿಗಳನ್ನು ಜೋಡಿಸುವುದು ಮುಂದಿನ ಭಾನುವಾರಗಳ ಕೆಲಸ. ಮನೆಯ ಮಕ್ಕಳಿಗೂ ಇದರಲ್ಲಿ ಪಾಲು ಸಿಗುತ್ತದೆ, ಗ್ಲಾಸೊಂದನ್ನು ಬಿಟ್ಟು.

ಕಣ್ಣಿಗೆ ಕಾಣದ ಕೆಲಸಗಾರ

ಭರಣಿಯೊಳಗೆ ದುಡಿಯುವುದು ಯೀಸ್ಟ್. ಸಕ್ಕರೆ ತಿಂದು ಆಲ್ಕೋಹಾಲ್ ಮತ್ತು ಇಂಗಾಲದ ಡೈಆಕ್ಸೈಡ್ ಹೊರಹಾಕುವ ಸೂಕ್ಷ್ಮಜೀವಿ ಅದು. ಹುದುಗು ಬರುವುದು ಜೀವಿಗಳ ಕೆಲಸವೆಂದು ಪ್ರಯೋಗಗಳಿಂದ ತೋರಿಸಿದವರು ಫ್ರಾನ್ಸಿನ ಲೂಯಿ ಪಾಶ್ಚರ್. ವೈನ್ ಏಕೆ ಕೆಡುತ್ತದೆ ಎಂಬುದರ ಮೇಲೆ ಅವರು ಬರೆದ ಗ್ರಂಥ 1866ರಲ್ಲಿ ಪ್ರಕಟವಾಯಿತು. ಇಂದು ಹಾಲಿನ ಪ್ಯಾಕೆಟ್ ಮೇಲೆ ಕಾಣುವ ‘ಪಾಶ್ಚರೀಕರಿಸಿದ’ ಎಂಬ ಮಾತಿನ ಬೇರು ಆ ವೈನ್ ಪ್ರಯೋಗಗಳಲ್ಲೇ ಇದೆ.

ಮನೆ ವೈನ್ ಏಕೆ ಅಷ್ಟು ಸಿಹಿ ಎಂಬ ಪ್ರಶ್ನೆಗೆ ಉತ್ತರವೂ ಯೀಸ್ಟಿನ ಬಳಿಯೇ ಇದೆ. ಒಂದು ಲೀಟರಿನಲ್ಲಿ ಸುಮಾರು 17 ಗ್ರಾಂ ಸಕ್ಕರೆಯನ್ನು ಯೀಸ್ಟ್ ತಿಂದರೆ ಶೇ 1ರಷ್ಟು ಆಲ್ಕೋಹಾಲ್ ಹುಟ್ಟುತ್ತದೆ. ಮೇಲಿನ ಅಳತೆಯಲ್ಲಿ ಹಣ್ಣಿನದೂ ಸೇರಿ ಲೀಟರಿಗೆ 350 ಗ್ರಾಂ ಹತ್ತಿರ ಸಕ್ಕರೆ ಇದೆ. ಲೆಕ್ಕದ ಪ್ರಕಾರ ಶೇ 20 ದಾಟಬೇಕು. ಆದರೆ ಬೇಕರಿಯ ಯೀಸ್ಟ್ ಅದರ ಅರ್ಧ ದಾರಿಯಲ್ಲೇ, ತಾನೇ ಮಾಡಿದ ಆಲ್ಕೋಹಾಲಿನಲ್ಲಿ ಸುಸ್ತಾಗಿ ನಿಲ್ಲುತ್ತದೆ. ತಿನ್ನದೆ ಉಳಿದ ಸಕ್ಕರೆ ನಾಲಿಗೆಗೆ ಸಿಗುತ್ತದೆ. ಹವ್ಯಾಸವನ್ನು ಗಂಭೀರವಾಗಿ ತೆಗೆದುಕೊಂಡವರು ಇದಕ್ಕಾಗಿಯೇ ಹೈಡ್ರೋಮೀಟರ್ ಇಟ್ಟುಕೊಳ್ಳುತ್ತಾರೆ. ರಸದಲ್ಲಿ ತೇಲುವ ಆ ಗಾಜಿನ ಕೊಳವೆ ಮೊದಲ ದಿನ ಮೇಲೆದ್ದು ನಿಲ್ಲುತ್ತದೆ. ಸಕ್ಕರೆ ಖರ್ಚಾದಂತೆ ಕೆಳಗಿಳಿಯುತ್ತದೆ. ಇಳಿಯುವುದು ನಿಂತರೆ ಹುದುಗು ಮುಗಿಯಿತು ಇಲ್ಲವೆ ನಡುವೆಯೇ ಕೆಟ್ಟಿತು ಎಂದರ್ಥ. ಹುದುಗು ಮುಗಿಯದ ರಸಕ್ಕೆ ಬಿಗಿಯಾಗಿ ಬಿರಡೆ ಜಡಿದರೆ ಒಳಗಿನ ಅನಿಲಕ್ಕೆ ಬಾಟಲಿಯೇ ಸಿಡಿಯಬಹುದು.

ಇನ್ನೊಂದು ಶತ್ರು ಗಾಳಿ. ಹುದುಗು ತಣ್ಣಗಾದ ಮೇಲೆ ಗಾಳಿ ತಾಗಿದರೆ ಅಸಿಟೊಬ್ಯಾಕ್ಟರ್ ಎಂಬ ಬ್ಯಾಕ್ಟೀರಿಯಾ ಆಲ್ಕೋಹಾಲನ್ನು ವಿನೆಗರ್ ಮಾಡಿಬಿಡುತ್ತದೆ. ಹಣ್ಣಿನ ಬುಟ್ಟಿಯ ಸುತ್ತ ಹಾರುವ ಸಣ್ಣ ನೊಣವೇ ಅದನ್ನು ಹೊತ್ತು ತರುತ್ತದೆ. ಬಾಯಿಗೆ ಬಟ್ಟೆ ಕಟ್ಟುವ ಅಜ್ಜಿಯರ ನೇಮದ ಹಿಂದಿರುವ ಕಾರಣ ಇದು.

ಕೊಡಗಿನ ಕಪಾಟು

ದ್ರಾಕ್ಷಿಯೇ ಬೇಕೆಂಬ ನಿಯಮವನ್ನು ಕೊಡಗು ಎಂದೋ ಮುರಿದಿದೆ. ಬೆಟ್ಟದ ನೆಲ್ಲಿ, ಕಿತ್ತಳೆ, ಅನಾನಸ್, ಪ್ಯಾಷನ್ ಫ್ರೂಟ್, ಶುಂಠಿ, ಗುಲಾಬಿ ಎಸಳು, ಕೊನೆಗೆ ವೀಳ್ಯದೆಲೆಯೂ ಅಲ್ಲಿ ವೈನಾಗುತ್ತದೆ. ಎಲೆ, ಹೂವಿಗೆ ಸ್ವಂತ ಸಿಹಿ ಇಲ್ಲ. ಸಕ್ಕರೆಯೇ ಯೀಸ್ಟಿನ ಊಟ, ಎಲೆ ಕೊಡುವುದು ಪರಿಮಳ ಮಾತ್ರ. ಇಂಗ್ಲೆಂಡಿನಲ್ಲೂ ಇದೇ ದಾರಿ ಹಿಡಿದವರಿದ್ದರು. ದ್ರಾಕ್ಷಿ ಸರಿಯಾಗಿ ಮಾಗದ ಆ ಚಳಿಯ ನಾಡಿನಲ್ಲಿ ಹಳ್ಳಿಯವರು ಬೇಲಿಯ ಹಣ್ಣು, ಕಾಡುಹೂವು, ಗೆಡ್ಡೆಗಳಿಂದ ವೈನ್ ಮಾಡುತ್ತಿದ್ದರು. 1960ರಲ್ಲಿ ಸಿ.ಜೆ.ಜೆ. ಬೆರ್ರಿ ಬರೆದ ‘ಫಸ್ಟ್ ಸ್ಟೆಪ್ಸ್ ಇನ್ ವೈನ್‌ಮೇಕಿಂಗ್’ ಪುಸ್ತಕ ಆ ವಿದ್ಯೆಯನ್ನು ಊರೂರಿನ ಹವ್ಯಾಸಿಗಳಿಗೆ ತಲುಪಿಸಿತು.

ನಮ್ಮಲ್ಲಿ ಇದರ ಹತ್ತಿರದ ನೆಂಟ ಆಯುರ್ವೇದದ ಕಪಾಟಿನಲ್ಲಿದ್ದಾನೆ. ದ್ರಾಕ್ಷಾಸವ, ದಶಮೂಲಾರಿಷ್ಟ ಎಲ್ಲವೂ ಹುದುಗಿಸಿದ ಔಷಧಿಗಳೇ. ಚರಕ ಸಂಹಿತೆ 84 ಬಗೆಯ ಆಸವಗಳನ್ನು ಎಣಿಸುತ್ತದೆ. ಬೆಲ್ಲ, ಜೇನಿನ ಜೊತೆ ಧಾತಕಿ ಹೂ ಹಾಕಿ, ಪಾತ್ರೆಯ ಬಾಯಿಗೆ ಮಣ್ಣು ಮೆತ್ತಿ, ದಿನಗಟ್ಟಲೆ ಕಾಯುವುದು ಅದರ ಕ್ರಮ. ಬಾಣಂತಿಗೆ ದಶಮೂಲಾರಿಷ್ಟ ಕೊಟ್ಟ ಮನೆಗಳಲ್ಲಿ ಹುದುಗಿನ ರಸ ಹೊಸಿಲು ದಾಟಿ ಎಷ್ಟೋ ಕಾಲವಾಯಿತು.

ಕಾನೂನಿನ ಗೆರೆ

ಇಲ್ಲೊಂದು ಮಾತು ಸ್ಪಷ್ಟವಾಗಿ ಹೇಳಬೇಕು. ಕರ್ನಾಟಕ ಅಬಕಾರಿ ಕಾಯ್ದೆ 1965ರ ಪ್ರಕಾರ ಪರವಾನಗಿ ಇಲ್ಲದೆ ಮದ್ಯ ತಯಾರಿಸುವಂತಿಲ್ಲ, ಮಾರುವಂತಿಲ್ಲ. ವೈನೂ ಮದ್ಯದ ಲೆಕ್ಕದಲ್ಲೇ ಬರುತ್ತದೆ. ಕೊಡಗಿನಲ್ಲಿ ಪ್ರವಾಸಿಗರಿಗೆ ‘ಹೋಮ್ ಮೇಡ್ ವೈನ್’ ಮಾರುವ ಅಂಗಡಿಗಳ ಮೇಲೆ ಅಬಕಾರಿ ಇಲಾಖೆ ದಾಳಿ ಮಾಡಿದ್ದೂ ಇದೆ. ಹಬ್ಬದ ಭರಣಿ ಸಂಪ್ರದಾಯದ ನೆರಳಲ್ಲಿ ನಡೆದುಕೊಂಡು ಬಂದಿದೆ ಅಷ್ಟೆ.

2007ರಲ್ಲಿ ರಾಜ್ಯ ಎರಡು ಹೆಜ್ಜೆ ಇಟ್ಟಿತು. ಜುಲೈ 1ರಿಂದ ಸಾರಾಯಿ ನಿಂತಿತು. ಅದೇ ವರ್ಷ ದ್ರಾಕ್ಷಿ ಸಂಸ್ಕರಣೆ ಮತ್ತು ವೈನ್ ನೀತಿ ಬಂತು, ದ್ರಾಕ್ಷಿ ಬೆಳೆಗಾರನ ಹೆಸರಿನಲ್ಲಿ ವೈನರಿಗಳಿಗೆ ಉತ್ತೇಜನ ಸಿಕ್ಕಿತು. ಕಾರ್ಖಾನೆಯ ಬಗ್ಗೆ ಇಷ್ಟು ಯೋಚಿಸಿದ ನೀತಿ ಅಡುಗೆಮನೆಯ ಭರಣಿಯತ್ತ ನೋಡಲಿಲ್ಲ. ಅಮೆರಿಕದ ಫೆಡರಲ್ ಕಾನೂನು ಈ ಗಂಟನ್ನು ಅಳತೆಯಿಂದ ಬಿಡಿಸಿದೆ: ಒಬ್ಬ ವಯಸ್ಕರಿರುವ ಮನೆಗೆ ವರ್ಷಕ್ಕೆ 100 ಗ್ಯಾಲನ್, ಇಬ್ಬರು ಅಥವಾ ಹೆಚ್ಚು ಮಂದಿ ಇದ್ದರೆ 200 ಗ್ಯಾಲನ್, ತೆರಿಗೆ ಇಲ್ಲ, ಮಾರಾಟವೂ ಇಲ್ಲ. ನಮಗೆ ಅಷ್ಟು ದೊಡ್ಡ ಅಳತೆ ಬೇಡ. ಹಬ್ಬದ ಒಂದೆರಡು ಭರಣಿಗೆ ಮಿತಿ ಬರೆದು, ಮಾರಾಟಕ್ಕೆ ಗಟ್ಟಿ ಬೇಲಿ ಹಾಕಿದರೆ ಮನೆಯವರಿಗೂ ಇಲಾಖೆಗೂ ಗೊಂದಲ ತಪ್ಪುತ್ತದೆ.

ಬೇಲಿ ಏಕೆ ಬೇಕು ಎಂಬುದನ್ನು ರಾಯಚೂರಿಗೆ ಯಾರೂ ಹೇಳಿಕೊಡಬೇಕಿಲ್ಲ. ಸಿ.ಎಚ್. ಪೌಡರ್ ಅಂದರೆ ಕ್ಲೋರಲ್ ಹೈಡ್ರೇಟ್ ಬೆರೆಸಿದ ಕಲಬೆರಕೆ ಸೇಂದಿ ಈ ಜಿಲ್ಲೆಯ ಎಷ್ಟೋ ಮನೆಗಳನ್ನು ಹಾಳುಮಾಡಿದೆ. ಈಚಲು ಮರದ ರಸದಲ್ಲಿ ಇಲ್ಲದ ಅಮಲನ್ನು ನಿದ್ದೆಯ ಮದ್ದಿನಿಂದ ತುಂಬುವ ವ್ಯಾಪಾರ ಅದು. ಇನ್ನು ವೈನನ್ನು ಕಾಯಿಸಿ ಭಟ್ಟಿ ಇಳಿಸುವುದಂತೂ ಹವ್ಯಾಸಿಗೆ ಪೂರಾ ವರ್ಜ್ಯ. ಅದು ಅಪರಾಧ, ಜೀವಕ್ಕೂ ಕುತ್ತು. ಮಿತವಾಗಿ ಕುಡಿಯುವ ವೈನಿನ ಬಗ್ಗೆಯೂ ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಎಚ್ಚರಿಸಿತು: ಆರೋಗ್ಯಕ್ಕೆ ಸುರಕ್ಷಿತ ಎನ್ನಬಹುದಾದ ಮದ್ಯದ ಪ್ರಮಾಣ ಯಾವುದೂ ಇಲ್ಲ.

ಕಲ್ಲೂರಿನ ಬಿಸಿಲಿಗೆ ಹೊಂದುವುದು

ವೈನಿಗೆ ಬೇಕಾದ ಹವೆ 20ರಿಂದ 28 ಡಿಗ್ರಿ. ವಿಜಯಪುರ, ಬಾಗಲಕೋಟೆ ಕಡೆಯ ದ್ರಾಕ್ಷಿ ಮಾರುಕಟ್ಟೆಗೆ ಬರುವುದು ಫೆಬ್ರವರಿಯಿಂದ ಏಪ್ರಿಲ್. ಅಷ್ಟರಲ್ಲಿ ಇಲ್ಲಿನ ಬಿಸಿಲು 40 ಡಿಗ್ರಿಯತ್ತ ಏರಿರುತ್ತದೆ, ಆ ಕಾವಿಗೆ ಯೀಸ್ಟ್ ಕಂಗೆಡುತ್ತದೆ. ಕರಾವಳಿಯವರ ನವೆಂಬರ್ ಭರಣಿಗೆ ಹಣ್ಣು ಸಿಗುವುದು ಚಿಕ್ಕಬಳ್ಳಾಪುರ, ಬೆಂಗಳೂರು ಗ್ರಾಮಾಂತರದ ‘ಬೆಂಗಳೂರು ಬ್ಲೂ’ ತಳಿಯಿಂದ. ಅದು ವರ್ಷಕ್ಕೆರಡು ಬೆಳೆ ಕೊಡುತ್ತದೆ. ಹೀಗೆ ಹಣ್ಣು ಇದ್ದಾಗ ತಂಪಿಲ್ಲ, ತಂಪಿದ್ದಾಗ ನಮ್ಮ ಕಡೆಯ ಹಣ್ಣಿಲ್ಲ. ಕಾನೂನಿನ ತೊಡಕು ಬೇರೆ.

ಹಾಗೆಂದು ಹವ್ಯಾಸದ ಬಾಗಿಲು ಮುಚ್ಚಿಲ್ಲ. ಮೊದಲ ದಾರಿ ಬಳ್ಳಿಯದು. ಹಿತ್ತಲಲ್ಲಿ ಒಂದು ದ್ರಾಕ್ಷಿ ಬಳ್ಳಿ, ಮೇಲೊಂದು ಚಪ್ಪರ. ನಮ್ಮ ಎರೆಮಣ್ಣಿನಲ್ಲಿ ನೀರು ನಿಲ್ಲುತ್ತದೆ, ಆದ್ದರಿಂದ ಗುಂಡಿಗೆ ಗರಸು, ಗೊಬ್ಬರ ಬೆರೆಸಿ ಏರು ಮಾಡಬೇಕು. ಬರ ಮತ್ತು ಉಪ್ಪು ನೀರು ತಾಳುವ ಡಾಗ್‌ರಿಜ್ ಬೇರಿಗೆ ಕಸಿ ಮಾಡಿದ ಸಸಿ ಉತ್ತರ ಕರ್ನಾಟಕದ ಬೆಳೆಗಾರರ ಆಯ್ಕೆ. ಏಪ್ರಿಲ್‌ನಲ್ಲಿ ಒಮ್ಮೆ ಕಡ್ಡಿ ಬೆಳೆಸಲು, ಅಕ್ಟೋಬರ್‌ನಲ್ಲಿ ಇನ್ನೊಮ್ಮೆ ಹಣ್ಣಿಗಾಗಿ ಚಾಟ್ನಿ, ಅಂದರೆ ಕಡ್ಡಿ ಕತ್ತರಿಸುವ ಕೆಲಸ ಮಾಡಬೇಕು. ಕತ್ತರಿ ಹಿಡಿಯುವ ಕೈಗೆ ಯಾವ ಕಣ್ಣು ಉಳಿಸಬೇಕು, ಯಾವುದು ಬೇಡ ಎಂಬ ತಿಳಿವಳಿಕೆ ಬೇಕು. ಗೊಂಚಲು ಕಾಣಲು ಎರಡು ವರ್ಷವಾದರೂ ಕಾಯಬೇಕು.

ಎರಡನೆಯದು ಶುಂಠಿ ವೈನ್. ಹೆಸರಿಗೆ ವೈನ್, ಹುದುಗೇ ಇಲ್ಲ, ಅಮಲೂ ಇಲ್ಲ. ಆಂಗ್ಲೊ ಇಂಡಿಯನ್ ಮನೆಗಳಲ್ಲಿ ಕ್ರಿಸ್‌ಮಸ್ ಕೇಕಿನ ಜೊತೆ ಮಕ್ಕಳಿಗೂ ಕೊಡುತ್ತಾರೆ. ಕಾಲು ಕಿಲೊ ಹಸಿ ಶುಂಠಿಯನ್ನು ಜಜ್ಜಿ, ಎರಡು ಒಣಮೆಣಸಿನಕಾಯಿ, ಚಕ್ಕೆ, ನಾಲ್ಕು ಲವಂಗದೊಂದಿಗೆ ನಾಲ್ಕು ಲೀಟರ್ ನೀರಿಗೆ ಹಾಕಿ ಮುಕ್ಕಾಲು ಗಂಟೆ ಕುದಿಸಿ. ಕೊನೆಯಲ್ಲಿ ಒಂದು ಕಿಲೊ ಸಕ್ಕರೆ ಬೆರೆಸಿ ಕರಗಿಸಿ. ಬೇರೆ ಬಾಣಲೆಯಲ್ಲಿ ಎರಡು ಚಮಚ ಸಕ್ಕರೆಯನ್ನು ಕಂದು ಬಣ್ಣ ಬರುವ ತನಕ ಕರಗಿಸಿ ಸುರಿದರೆ ವೈನಿನದೇ ಬಣ್ಣ. ಇಳಿಸಿ, ಆರಿದ ಮೇಲೆ ನಾಲ್ಕೈದು ನಿಂಬೆಯ ರಸ ಹಿಂಡಿ, ಬಟ್ಟೆಯಲ್ಲಿ ಸೋಸಿ ಬಾಟಲಿ ತುಂಬಿ. ಫ್ರಿಜ್‌ನಲ್ಲಿಟ್ಟು ಕೆಲವೇ ದಿನಗಳಲ್ಲಿ ಮುಗಿಸಬೇಕು. ಹೊರಗಿಟ್ಟರೆ ಗಾಳಿಯಲ್ಲಿರುವ ಯೀಸ್ಟ್ ತನ್ನ ಕೆಲಸ ಶುರುಮಾಡೀತು.

ಬಳ್ಳಿಗೆ ಎರಡು ವರ್ಷ, ಶುಂಠಿಗೆ ಒಂದು ಮಧ್ಯಾಹ್ನ. ಮನೆಯವರ ತಾಳ್ಮೆ ಎಷ್ಟಿದೆ ಎಂದು ನೋಡಿಕೊಂಡು ಆರಿಸಿಕೊಳ್ಳಬಹುದು. ಎರಡನ್ನೂ ಒಂದೇ ಭಾನುವಾರ ಶುರುಮಾಡಿದರೂ ಅಡ್ಡಿಯಿಲ್ಲ.